ಗ್ಯಾರೇಜ್ ಕಟ್ಟೆ: ಕ್ಯಾಡಿಲಾಕ್ ಬಾಲದ ರೆಕ್ಕೆ

ಹೋದ ತಿಂಗಳು ಇದೇ ಪುಟದಲ್ಲಿ ಅಮೆರಿಕದ ದೊಡ್ಡ ಕಾರು 1959ರ ಕ್ಯಾಡಿಲಾಕ್‌ನ ಒಂದು ಚಿತ್ರ ಹಾಕಿ, ಕೆಳಗೆ ನಾಲ್ಕು ಸಾಲು ಬರೆದಿದ್ದೆ. ಯಾವಾಗಲೂ ಕ್ಲಚ್ ಪ್ಲೇಟು, ಬ್ಯಾಟರಿ, ಇನ್ಶೂರೆನ್ಸ್ ಅಂತ ಕೇಳುವ ಓದುಗರು ಈ ಸಲ ಆ ಕಾರು, ಆ ಥರದ ಹಳೇ ಕಾರುಗಳ ಬಗ್ಗೆಯೇ ಕೇಳಿದ್ದಾರೆ. ನನಗೆ ಬಹಳ ಸಂತೋಷವಾಗಿದೆ. ತುಮಕೂರಿನಲ್ಲಿ ಟಿಂಕರಿಂಗ್ ಕೆಲಸಕ್ಕೆ ಕೈ ಹಾಕಿ ನನಗೆ ಐವತ್ತು ವರ್ಷ ದಾಟಿತು. ಎಷ್ಟೋ ಗಾಡಿಗಳ ತಗಡು ಮುಟ್ಟಿದ್ದೇನೆ. ಕಣ್ಣು ಮುಚ್ಚಿದರೆ ಇವತ್ತಿಗೂ ಕೈಗೆ ನೆನಪಾಗುವುದು ಅದೊಂದೇ ಕಾರು. ಯಾಕೆ ಅಂತ ಕೊನೆಯ ಪತ್ರಕ್ಕೆ ಉತ್ತರ ಬರೆಯುವಾಗ ಹೇಳುತ್ತೇನೆ.

ಪ್ರಶ್ನೆ: ಅಂಕಲ್, ನೀವು ಹಾಕಿದ್ದ ಚಿತ್ರದಲ್ಲಿ ಕಾರಿನ ಹಿಂದೆ ಎರಡು ದೊಡ್ಡ ರೆಕ್ಕೆ ಇದ್ದವು. ಅದರಿಂದ ಕಾರಿಗೆ ಏನು ಉಪಯೋಗ? ಉಪಯೋಗ ಇಲ್ಲದಿದ್ದರೆ ಯಾಕೆ ಇಟ್ಟರು?
— ಡಿಪ್ಲೊಮಾ ವಿದ್ಯಾರ್ಥಿ, ಗುಬ್ಬಿ

ಉತ್ತರ: ಓಡಾಟಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ ಮಗಾ. ಅಮೆರಿಕದ ಇನ್ನೊಂದು ಕಾರು ಕಂಪನಿ, ಕ್ರೈಸ್ಲರ್‌ನವರು ಮಾತ್ರ, ತಮ್ಮ ರೆಕ್ಕೆ ಅಡ್ಡಗಾಳಿಯಲ್ಲಿ ಕಾರು ಅಲುಗದಂತೆ ಹಿಡಿಯುತ್ತದೆ ಎಂದು ಪ್ರಚಾರ ಮಾಡಿದರು. ಕ್ಯಾಡಿಲಾಕ್‌ನ ರೆಕ್ಕೆ ಇದ್ದದ್ದು ಕಣ್ಣಿಗಾಗಿ. ಹಾಗಂತ ಅದು ದಂಡ ಅಂತ ನಾನು ಒಪ್ಪುವುದಿಲ್ಲ. ಹಳೇ ಮನೆಗಳ ಬಾಗಿಲ ಚೌಕಟ್ಟಿಗೆ ಹೂಬಳ್ಳಿ ಕೆತ್ತಿರುತ್ತಾರಲ್ಲ, ಬಾಗಿಲು ತೆಗೆಯುವುದಕ್ಕೆ ಹಾಕುವುದಕ್ಕೆ ಅದು ಬೇಕಿಲ್ಲ. ಆದರೆ ಮನೆಗೆ ಬಂದವರು ಮೊದಲು ನೋಡುವುದು ಅದನ್ನೇ, ಅಲ್ವಾ?

ಆ ರೆಕ್ಕೆ ಬಂದದ್ದು ಒಂದು ಯುದ್ಧವಿಮಾನದಿಂದ. ಕ್ಯಾಡಿಲಾಕ್ ಮಾಡುವ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಹಾರ್ಲಿ ಅರ್ಲ್ ಅಂತ ಒಬ್ಬರಿದ್ದರು. ಕಾರಿನ ರೂಪ ಹೇಗಿರಬೇಕು ಅಂತ ನೋಡಿಕೊಳ್ಳುವುದಕ್ಕೇ ಕಂಪನಿ 1927ರಲ್ಲಿ ಒಂದು ವಿಭಾಗ ತೆರೆದು ಅವರ ಕೈಗೆ ಕೊಟ್ಟಿತ್ತು. 1941ರಲ್ಲಿ ಅವರು ತಮ್ಮ ಜೊತೆಯ ಕೆಲವು ವಿನ್ಯಾಸಕಾರರನ್ನು ಕರೆದುಕೊಂಡು ಅಮೆರಿಕದ ಕಾರು ಕಂಪನಿಗಳ ಊರಾದ ಡೆಟ್ರಾಯಿಟ್ ಹತ್ತಿರದ ಸೆಲ್ಫ್ರಿಜ್ ವಿಮಾನ ನೆಲೆಗೆ ಹೋದರು. ಅಲ್ಲಿ ಲಾಕ್‌ಹೀಡ್ ಪಿ-38 ವಿಮಾನ ನಿಂತಿತ್ತು. ಮಾಮೂಲಿ ವಿಮಾನಕ್ಕೆ ಒಂದು ಬಾಲ. ಇದಕ್ಕೆ ಎರಡು ಉದ್ದನೆಯ ದೇಹ, ಎರಡರ ತುದಿಗೂ ಒಂದೊಂದು ನೆಟ್ಟಗಿನ ಬಾಲ. ನೋಡಿದವರೆಲ್ಲ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ವಾಪಸ್ ಬಂದರು. ಆಮೇಲೆ ಯುದ್ಧ ಬಂತು, 1942ರಲ್ಲಿ ಅಮೆರಿಕದಲ್ಲಿ ಕಾರು ಮಾಡುವುದೇ ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಫ್ರಾಂಕ್ ಹರ್ಷೀ ಎಂಬ ವಿನ್ಯಾಸಕಾರರು ಆ ಬಾಲವನ್ನು ಕಾರಿಗೆ ತಂದರು. 1948ರ ಕ್ಯಾಡಿಲಾಕ್‌ನ ಹಿಂದಿನ ಮಡ್‌ಗಾರ್ಡ್ ಮೇಲೆ ಮೊದಲ ರೆಕ್ಕೆ ಕಾಣಿಸಿತು.

ಅದು ಬಹಳ ಚಿಕ್ಕದು. ಮಡ್‌ಗಾರ್ಡ್ ಕೊನೆಯಲ್ಲಿ ತಗಡು ಮೆಲ್ಲಗೆ ಮೇಲೆದ್ದು ದೀಪವನ್ನು ಹಿಡಿದುಕೊಂಡ ಹಾಗೆ. ಎಡಗಡೆಯ ಆ ದೀಪವನ್ನು ಎತ್ತಿದರೆ ಕೆಳಗೆ ಪೆಟ್ರೋಲ್ ಮುಚ್ಚಳ! 1941ರಿಂದಲೇ ಕ್ಯಾಡಿಲಾಕ್‌ನವರು ಪೆಟ್ರೋಲ್ ಬಾಯಿಯನ್ನು ಹೀಗೆ ದೀಪದ ಹಿಂದೆ ಬಚ್ಚಿಡುತ್ತಿದ್ದರು. ಗೊತ್ತಿಲ್ಲದವರು ಬಂಕಿನಲ್ಲಿ ಕಾರಿನ ಸುತ್ತ ಹುಡುಕಬೇಕಿತ್ತು.

ಅಲ್ಲಿಂದ ಮುಂದೆ ವರ್ಷ ವರ್ಷವೂ ರೆಕ್ಕೆ ಬೆಳೆಯಿತು. ಆದರೆ ನೀನು ಚಿತ್ರದಲ್ಲಿ ನೋಡಿದ ಆ ಎತ್ತರಕ್ಕೆ ಹೋಗಲು ಕಾರಣ ಕ್ಯಾಡಿಲಾಕ್‌ನವರಲ್ಲ, ಎದುರಾಳಿಗಳು. ಅದು 1956ರ ಮಾತು. ಜನರಲ್ ಮೋಟಾರ್ಸ್‌ನ ಯುವ ವಿನ್ಯಾಸಕಾರ ಚಕ್ ಜೋರ್ಡನ್ ಒಂದು ಮಧ್ಯಾಹ್ನ ಕ್ರೈಸ್ಲರ್ ಕಂಪನಿಯ ಜಾಗದ ಕಡೆ ಕಾರು ಓಡಿಸಿಕೊಂಡು ಹೋದರು. ಬೇಲಿಯ ಆಚೆ 1957ರ ಹೊಸ ಪ್ಲಿಮತ್ ಕಾರುಗಳು ಸಾಲಾಗಿ ನಿಂತಿದ್ದವು. ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಕ್ರೈಸ್ಲರ್‌ನ ವರ್ಜಿಲ್ ಎಕ್ಸ್‌ನರ್ ಮಾಡಿಸಿದ ರೂಪ ಅದು. ತಗ್ಗಾದ ಮೈ, ತೆಳು ಚಾವಣಿ, ಹಿಂದೆ ಬಾಣದಂತೆ ಎದ್ದ ರೆಕ್ಕೆ. ಜೋರ್ಡನ್ ಓಡಿಬಂದು ಆಫೀಸಿನಲ್ಲಿ ಹೇಳಿದರು. ಒಬ್ಬೊಬ್ಬರೇ ಹೋಗಿ ಬೇಲಿಯಲ್ಲಿ ಇಣುಕಿ ಬಂದರು. ತಾವು 1959ಕ್ಕೆ ಅಂತ ಮಾಡುತ್ತಿದ್ದ ಕಾರುಗಳು ಅವರಿಗೇ ಹಳೆಯದಾಗಿ, ದಡೂತಿಯಾಗಿ ಕಂಡವು. ಆಗ ಅರ್ಲ್ ಯುರೋಪ್ ಪ್ರವಾಸದಲ್ಲಿದ್ದರು. ಯಜಮಾನರು ಊರಲ್ಲಿ ಇಲ್ಲದಾಗ ಹುಡುಗರು ಸೇರಿ ಎಲ್ಲವನ್ನೂ ಬದಿಗಿಟ್ಟು ಹೊಸದಾಗಿ ಶುರು ಮಾಡಿದರು. ವಾಪಸ್ ಬಂದ ಅರ್ಲ್ ನೋಡಿದರು, ಕೊನೆಗೆ ಅದೇ ದಾರಿಗೆ ಒಪ್ಪಿದರು. ಆಗ ಅವರ ನಿವೃತ್ತಿಗೆ ಇನ್ನೆರಡೇ ವರ್ಷ ಬಾಕಿ. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವ ಭಾಗ ಅವರು ಒಪ್ಪಿದ್ದು. ಮೂವತ್ತು ವರ್ಷ ಆಳಿದ ಮನುಷ್ಯ ಹುಡುಗರ ಗೆರೆಗೆ ದಾರಿ ಬಿಡುವುದು ಸುಲಭವಲ್ಲ.

ಹೀಗೆ ಬಂದದ್ದು 1959ರ ಕ್ಯಾಡಿಲಾಕ್. ರೆಕ್ಕೆಯ ಗೆರೆ ಎಳೆದವರಲ್ಲಿ ಡೇವ್ ಹಾಲ್ಸ್ ಹೆಸರು ಮುಖ್ಯ. ಕಾರಿನ ಉದ್ದ 225 ಇಂಚು, ಅಂದರೆ 18 ಅಡಿ 9 ಇಂಚು. ರೆಕ್ಕೆಯ ನಡುವೆ ರಾಕೆಟ್ಟಿನಂಥ ಕ್ರೋಮ್ ಕೊಳವೆ, ಅದರ ಹಿಂಬದಿಯಲ್ಲಿ ಬಂದೂಕಿನ ಗುಂಡಿನಾಕಾರದ ಎರಡು ಕೆಂಪು ದೀಪ. ಬಂಪರಿನ ಎರಡು ತುದಿಗೆ ಜೆಟ್ ವಿಮಾನದ ಬಾಯಿಯಂತೆ ದುಂಡನೆಯ ಗೂಡು, ಅದರೊಳಗೆ ರಿವರ್ಸ್ ದೀಪ. ಮುಂದೆ ಇರುವ ಗ್ರಿಲ್ ಥರದ್ದೇ ಇನ್ನೊಂದು ಹಿಂದೆಯೂ ಇದೆ. ಗಾಳಿ ಹೋಗುವುದಕ್ಕಲ್ಲ, ನೋಡುವುದಕ್ಕೆ.

ಪ್ರಶ್ನೆ: ಅಷ್ಟು ದೊಡ್ಡ ಕಾರು ಎಷ್ಟು ಮೈಲೇಜ್ ಕೊಡುತ್ತಿತ್ತು ಅಣ್ಣ?
— ಲಾರಿ ಡ್ರೈವರ್, ಶಿರಾ

ಉತ್ತರ: ಲೀಟರಿಗೆ ನಾಲ್ಕೈದು ಕಿಲೋಮೀಟರ್ ತಮ್ಮಾ. ಎಂಜಿನ್ 6.4 ಲೀಟರ್, ಎಂಟು ಸಿಲಿಂಡರ್, ಕಂಪನಿ ಲೆಕ್ಕದಲ್ಲಿ 325 ಕುದುರೆ ಶಕ್ತಿ. ಮಾರುತಿ 800ರಂಥ ಎಂಟು ಎಂಜಿನ್ ಒಟ್ಟು ಸೇರಿಸಿದ ಹಾಗೆ. ತೂಕ ಎರಡು ಟನ್ನಿಗಿಂತ ಜಾಸ್ತಿ. ಅಲ್ಲಿ ಆಗ ಪೆಟ್ರೋಲ್ ಅಗ್ಗ, ರಸ್ತೆ ಅಗಲ. ನಮ್ಮ ಮಂಡಿಪೇಟೆಯಲ್ಲಿ ಅದನ್ನು ತಿರುಗಿಸಲು ಆಗುವುದೇ ಇಲ್ಲ.

ನೀನು ಡ್ರೈವರ್ ಅಂತ ಇನ್ನೊಂದು ಮಾತು ಹೇಳುತ್ತೇನೆ. ಎದುರಿನ ಗಾಡಿಯ ಬೆಳಕು ಬಿದ್ದ ಕೂಡಲೇ ತಾನಾಗಿ ಡಿಪ್ ಆಗುವ ಹೆಡ್‌ಲೈಟ್ ಈಗಿನ ಹೊಸ ಸೌಲಭ್ಯ ಅಂತ ಶೋರೂಮಿನಲ್ಲಿ ಹೇಳುತ್ತಾರೆ. ಕ್ಯಾಡಿಲಾಕ್‌ನಲ್ಲಿ ಅದು 1952ರಲ್ಲೇ ಇತ್ತು. ಡ್ಯಾಶ್‌ಬೋರ್ಡ್ ಮೇಲೆ ಟಾರ್ಚ್ ತಲೆಯಂಥ ಒಂದು ವಸ್ತು ಕೂತಿರುತ್ತಿತ್ತು, ಅದೇ ಬೆಳಕು ನೋಡುವ ಕಣ್ಣು. ಕಾಲು ಇಡದೆ ಒಂದೇ ವೇಗದಲ್ಲಿ ಓಡುವ ಕ್ರೂಸ್ ಕಂಟ್ರೋಲ್ ಮೊದಲು ಬಂದದ್ದು 1958ರಲ್ಲಿ, ಕ್ರೈಸ್ಲರ್‌ನ ಇಂಪೀರಿಯಲ್ ಕಾರಿನಲ್ಲಿ. ಅದನ್ನು ಕಂಡುಹಿಡಿದ ರಾಲ್ಫ್ ಟೀಟರ್ ಅವರಿಗೆ ಚಿಕ್ಕಂದಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಯಜಮಾನರದ್ದು 1986ರ ಪದ್ಮಿನಿ ಕಾರು. ಅವರು ಹೋಗಿ ಮೂರು ವರ್ಷವಾಯಿತು. ಗಾಡಿ ಹಿತ್ತಲಿನಲ್ಲಿ ನಿಂತಿದೆ. ಗುಜರಿಗೆ ಹಾಕೋಣ ಅಂತಾನೆ ಮಗ. ನೀವು ತಗಡಿನ ಕೆಲಸದವರು, ನಿಜ ಹೇಳಿ. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಏನಾದರೂ ಇದೆಯಾ?
— ಗೃಹಿಣಿ, ಕೊರಟಗೆರೆ

ಉತ್ತರ: ಇದೆ ಅಮ್ಮ. ಮಗನನ್ನೂ ಕರೆದುಕೊಂಡು ಒಂದು ಸಂಜೆ ಹಿತ್ತಲಿಗೆ ಹೋಗಿ. ಐದೂವರೆ ಹೊತ್ತಿಗೆ, ಬಿಸಿಲು ಅಡ್ಡ ಬೀಳುವಾಗ. ಮೊದಲು ಒಂದು ಬಕೆಟ್ ನೀರು ಹೊಯ್ದು ಧೂಳು ತೊಳೆಯಿರಿ. ಆಮೇಲೆ ಗಾಡಿಯ ಹಿಂದೆ, ದೀಪದ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಮುಂದಕ್ಕೆ ನೋಡಿ. ಮಡ್‌ಗಾರ್ಡ್ ಮೇಲೆ ಒಂದು ಏಣು ಕಾಣುತ್ತದೆ. ದೀಪದ ಮೇಲೆ ಬಂದು ಅದು ಚೂಪಾಗಿ ನಿಲ್ಲುತ್ತದೆ. ಅದೇ ರೆಕ್ಕೆ.

ಮೇಲೆ ಗುಬ್ಬಿಯ ಹುಡುಗನಿಗೆ ಹೇಳಿದೆನಲ್ಲ, ಆ ರೆಕ್ಕೆಯ ಗಾಳಿ ಯುರೋಪಿಗೂ ಬೀಸಿತು. ಇಟಲಿಯ ಫಿಯೆಟ್‌ನವರು ತಮ್ಮ 1100 ಕಾರಿಗೆ ಸಣ್ಣ ರೆಕ್ಕೆ ಕೊಟ್ಟರು. ಇಂಗ್ಲೆಂಡಿನ ಮೋರಿಸ್‌ನವರು ಆಕ್ಸ್‌ಫರ್ಡ್ ಕಾರಿಗೆ ಇನ್ನೂ ಸಣ್ಣದೊಂದು ಕೊಟ್ಟರು. ಜರ್ಮನಿಯ ಮರ್ಸಿಡಿಸ್ ಕೂಡ 1959ರಲ್ಲಿ ರೆಕ್ಕೆಯ ಕಾರು ತಂದಿತು. ಫಿಯೆಟ್ 1100 ಮುಂಬಯಿಯ ಪ್ರೀಮಿಯರ್ ಕಾರ್ಖಾನೆಗೆ ಬಂದು ನಮ್ಮ ಪದ್ಮಿನಿಯಾಯಿತು. ಆಕ್ಸ್‌ಫರ್ಡ್ ಇಲ್ಲಿ ಅಂಬಾಸಡರ್ ಆಯಿತು. ಕ್ಯಾಡಿಲಾಕ್ ತನ್ನ ರೆಕ್ಕೆಯನ್ನು 1964ಕ್ಕೆ ಮುಗಿಸಿತು. ಪದ್ಮಿನಿ ಮಾತ್ರ ಸುಮಾರು 2000ದವರೆಗೆ ಅದೇ ರೆಕ್ಕೆ ಹೊತ್ತು ಕಾರ್ಖಾನೆಯಿಂದ ಹೊರಬರುತ್ತಿತ್ತು. ಅಂಬಾಸಡರ್ 2014ರವರೆಗೆ ಬಂತು. ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಒಂದು ಗೆರೆ ಅತಿ ಹೆಚ್ಚು ಕಾಲ ಬಾಳಿದ್ದು ನಮ್ಮ ರಸ್ತೆಗಳಲ್ಲಿ. ನಿಮ್ಮ ಹಿತ್ತಲಿನಲ್ಲಿ ನಿಂತಿರುವುದು ಆ ವಂಶದ ಕುಡಿ ಅಮ್ಮ.

ಈಗ ಕೆಲಸದ ಮಾತು. ಪದ್ಮಿನಿ ಮೊದಲು ತುಕ್ಕು ಹಿಡಿಯುವುದು ಆ ರೆಕ್ಕೆಯ ಬುಡದಲ್ಲೇ. ದೀಪದ ಹಿಂದಿನ ರಬ್ಬರ್ ಒಣಗಿ ಬಿರುಕು ಬಿಟ್ಟರೆ ಮಳೆನೀರು ಒಳಗಿಳಿಯುತ್ತದೆ. ದೀಪ ಬಿಚ್ಚಿಸಿ ಬೆರಳು ಹಾಕಿ ನೋಡಿ. ಡಿಕ್ಕಿಯ ರಬ್ಬರ್ ಕೆಳಗೆ, ಸ್ಟೆಪ್ನಿ ಇಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಇವನ್ನೂ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದರೆ ತಗಡು ಗಟ್ಟಿ. ಮೆತ್ತಗೆ ಡಬ್ ಅಂದರೆ ಒಳಗೆ ಪುಟ್ಟಿ ತುಂಬಿದ್ದಾರೆ, ಇಲ್ಲವೇ ತುಕ್ಕು ತಿಂದಿದೆ. ರಿಪೇರಿಗೆ ಕೊಟ್ಟರೆ ಒಂದು ಮಾತು ಮೊದಲೇ ಹೇಳಿ: ಏಣು ಅಳಿಸಬಾರದು. ಅವಸರದ ಕೆಲಸದವರು ಪುಟ್ಟಿ ಮೆತ್ತಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಉಜ್ಜಿ ಆ ಚೂಪನ್ನು ದುಂಡಗೆ ಮಾಡಿಬಿಡುತ್ತಾರೆ. ಬಣ್ಣ ಎಷ್ಟು ಹೊಳೆದರೂ ಆಮೇಲೆ ಅದು ಪದ್ಮಿನಿ ಅಲ್ಲ.

ಆರ್.ಸಿ. ನವೀಕರಣ ಆಗಿದೆಯಾ ನೋಡಿಸಿ. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ ಮಾರಬೇಡಿ.

ಪ್ರಶ್ನೆ: ನಮ್ಮ ತಾತ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಅವರ ಹಳೇ ಪ್ಲಿಮತ್ ಕಾರಿನ ಬಂಪರ್, ಗ್ರಿಲ್ ಮಾತ್ರ ಉಳಿದಿವೆ. ಗೋಡೆಗೆ ಹಾಕಬೇಕು ಅಂತ ಆಸೆ. ಕ್ರೋಮ್ ಎದ್ದಿದೆ. ಸಿಲ್ವರ್ ಪೇಂಟ್ ಹೊಡೆದರೆ ಸಾಕಾ?
— ವ್ಯಾಪಾರಿ, ತಿಪಟೂರು

ಉತ್ತರ: ದಯವಿಟ್ಟು ಸಿಲ್ವರ್ ಪೇಂಟ್ ಬೇಡ ಸ್ವಾಮಿ. ಅದು ಗೇಟಿಗೆ ಸರಿ. ಕ್ರೋಮ್ ಬಣ್ಣ ಅಲ್ಲ, ಲೋಹದ ಮೇಲೆ ಲೋಹ. ಕಬ್ಬಿಣದ ಮೇಲೆ ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕೂ ಮೇಲೆ ಕ್ರೋಮ್. ಮೇಲಿನ ಆ ಪದರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ನಿಜವಾದ ಹೊಳಪು, ತುಕ್ಕಿನಿಂದ ಕಾಪಾಡುವ ಶಕ್ತಿ, ಎರಡೂ ನಿಕ್ಕಲ್‌ನದು. ಕ್ರೋಮ್ ಆ ಹೊಳಪು ಮಾಸದ ಹಾಗೆ ನೋಡಿಕೊಳ್ಳುತ್ತದೆ, ಸ್ವಲ್ಪ ನೀಲಿ ಛಾಯೆ ಕೊಡುತ್ತದೆ. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನಿಕ್ಕಲ್‌ಗೆ ಬರ ಬಂತು. ಹಾಗಾಗಿ 1951–52ರ ಕಾರುಗಳ ಕ್ರೋಮ್ ಬೇಗ ಎದ್ದುಹೋಯಿತು. ನಿಮ್ಮ ತಾತನ ಕಾರು ಯಾವ ವರ್ಷದ್ದು ಅಂತ ಹಳೇ ಕಾಗದ ಸಿಕ್ಕರೆ ನೋಡಿ.

ಬಂಪರ್ ಉಕ್ಕಿನದು. ಅದನ್ನು ಪ್ಲೇಟಿಂಗ್ ಮಾಡುವವರ ಹತ್ತಿರ ಕೊಡಬಹುದು. ಹಳೆಯದನ್ನೆಲ್ಲ ಕಿತ್ತು, ಡೊಂಕು ತೆಗೆದು, ಪಾಲಿಶ್ ಮಾಡಿ ಹೊಸದಾಗಿ ಹಾಕುತ್ತಾರೆ. ಗ್ರಿಲ್‌ನ ಸಣ್ಣ ತುಂಡುಗಳು ಮಾತ್ರ ಸತುವಿನ ಎರಕ ಇರಬಹುದು. ಅಯಸ್ಕಾಂತ ಇಟ್ಟು ನೋಡಿ, ಅಂಟದಿದ್ದರೆ ಎರಕ. ಅದರ ಮೇಲೆ ರಾಗಿ ಕಾಳಿನಷ್ಟು ಗುಳ್ಳೆ ಎದ್ದಿರುತ್ತವೆ. ಪ್ರತಿ ಗುಳ್ಳೆಯನ್ನೂ ಕೊರೆದು, ತಾಮ್ರ ತುಂಬಿ, ಮಟ್ಟ ಮಾಡಬೇಕು. ತಾಳ್ಮೆ ಇರುವವರಿಗೆ ಮಾತ್ರ ಕೊಡಿ.

ನನ್ನ ಮನಸ್ಸಿನಲ್ಲಿ ಒಂದು ನೋವು ಇನ್ನೂ ಉಳಿದಿದೆ. ಹಿಂದೆ ಒಬ್ಬರ ಡಾಡ್ಜ್ ಕಾರಿನ ದೀಪದ ಬಳೆಯನ್ನು ಬೆಂಗಳೂರಿನ ಒಂದು ಪ್ಲೇಟಿಂಗ್ ಅಂಗಡಿಗೆ ಕಳುಹಿಸಿದ್ದೆ. ಎರಕದ ತುಂಡು ಅಂತ ಹೇಳಿ ಕೊಟ್ಟಿದ್ದೆ. ಬಂಪರ್ ಉಜ್ಜುವ ಹಾಗೆ ಚಕ್ರಕ್ಕೆ ಹಿಡಿದು ಉಜ್ಜಿಬಿಟ್ಟರು. ವಾಪಸ್ ಬಂದಾಗ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಅಂಚಿನ ಮೂರು ಗೀರು ಮಾಯವಾಗಿದ್ದವು. ಆ ಮೂರು ಗೀರಿಗೆ ಬೇರೆ ಬಳೆ ಇಡೀ ದೇಶದಲ್ಲಿ ನನಗೆ ಸಿಗಲಿಲ್ಲ. ಅಂದಿನಿಂದ ಯಾವುದೇ ತುಂಡು ಕಳಿಸುವ ಮೊದಲು ಹತ್ತಿರದಿಂದ ಫೋಟೊ ತೆಗೆದು, ಉಳಿಯಬೇಕಾದ ಅಂಚುಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಜೊತೆಗೆ ಕಳಿಸುತ್ತೇನೆ. ನೀವೂ ಹಾಗೇ ಮಾಡಿ. ಮನೆಯಲ್ಲೇ ಕ್ರೋಮ್ ಹಾಕುವ ಪ್ರಯೋಗ ಮಾತ್ರ ಬೇಡ, ಆ ದ್ರಾವಣ ವಿಷ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಕಾರಿನ ಚಿತ್ರ ಬರೆಯುತ್ತೇನೆ. ನಮ್ಮಪ್ಪ ಗಣೇಶನ ಮೂರ್ತಿ ಮಾಡುತ್ತಾರೆ. ಕಾರು ವಿನ್ಯಾಸ ಹುಡುಗಿಯರ ಕೆಲಸ ಅಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?
— ವಿದ್ಯಾರ್ಥಿನಿ, ಪಾವಗಡ

ಉತ್ತರ: ಇಲ್ಲ ಮಗಳೇ. ನಿನ್ನ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೀನು ಅರ್ಧ ದಾರಿಯಲ್ಲಿ ಆಗಲೇ ಇದ್ದೀಯ. ಯಾಕೆ ಗೊತ್ತಾ? ಆ ಕಾರುಗಳೆಲ್ಲ ಮೊದಲು ಹುಟ್ಟಿದ್ದು ಜೇಡಿಮಣ್ಣಿನಲ್ಲಿ.

ಹಾರ್ಲಿ ಅರ್ಲ್ ಅವರ ತಂದೆ ಲಾಸ್ ಏಂಜಲೀಸ್‌ನಲ್ಲಿ ಕುದುರೆಗಾಡಿ ಕಟ್ಟುತ್ತಿದ್ದರು, ಆಮೇಲೆ ಕಾರಿನ ಬಾಡಿ ಕಟ್ಟುವುದಕ್ಕೆ ಶುರು ಮಾಡಿದರು. ಮಗ ಅಲ್ಲೇ ಬೆಳೆದು, ಸಿನಿಮಾ ನಟರಿಗೆ ಬೇಕಾದಂತೆ ಬಾಡಿ ಮಾಡಿಕೊಡುತ್ತಿದ್ದರು. ಹೊಸ ರೂಪವನ್ನು ಮಣ್ಣಿನಲ್ಲಿ ಮಾಡಿ ನೋಡುವ ರೂಢಿ ಅವರದು. ಅದನ್ನೇ ಜನರಲ್ ಮೋಟಾರ್ಸ್‌ಗೂ ತಂದರು. ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಿ, ನಿಜವಾದ ಕಾರಿನ ಅಳತೆಗೇ ಮೂರ್ತಿ ಮಾಡುತ್ತಿದ್ದರು. ಅದು ನಮ್ಮ ಕೆರೆ ಮಣ್ಣಲ್ಲ. ಮೇಣ ಬೆರೆಸಿದ ಮಣ್ಣು, ಬೆಚ್ಚಗೆ ಮಾಡಿದರೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿ. ಬಿರುಕು ಬಿಡುವುದಿಲ್ಲ. ಕೆರೆದು, ಮತ್ತೆ ಮೆತ್ತಿ, ಮತ್ತೆ ಕೆರೆದು ಗೆರೆ ತರುತ್ತಾರೆ. ಕೊನೆಗೆ ಬಣ್ಣದ ತೆಳು ಹಾಳೆ ಅಂಟಿಸಿದರೆ ಥೇಟ್ ಕಾರು. ಈಗ ಕಂಪ್ಯೂಟರ್ ಬಂದಿದೆ, ಆದರೂ ದೊಡ್ಡ ಕಂಪನಿಗಳು ಮಣ್ಣನ್ನು ಬಿಟ್ಟಿಲ್ಲ. ನಿನ್ನಪ್ಪ ಗಣೇಶನ ಸೊಂಡಿಲು ತಿರುಗಿಸುವಾಗ ಹೆಬ್ಬೆರಳನ್ನು ಹೇಗೆ ಎಳೆಯುತ್ತಾರೆ ಅಂತ ಈ ಸಲ ಹತ್ತಿರ ಕೂತು ನೋಡು. ಎಲ್ಲೂ ನಿಲ್ಲದೆ ಒಂದೇ ಎಳೆತ ಇರುತ್ತದೆ. ಮಡ್‌ಗಾರ್ಡ್ ಗೆರೆಗೂ ಅದೇ ಬೇಕು.

ಹೆಣ್ಣುಮಕ್ಕಳ ಮಾತು. ನಾಜಿಗಳ ಕಾಟಕ್ಕೆ ಫ್ರಾನ್ಸ್ ಬಿಟ್ಟು ಅಮೆರಿಕಕ್ಕೆ ಬಂದ ಹೆಲೆನ್ ರೋಥರ್ 1943ರಲ್ಲೇ ಜನರಲ್ ಮೋಟಾರ್ಸ್‌ನಲ್ಲಿ ಕಾರುಗಳ ಒಳಭಾಗದ ವಿನ್ಯಾಸ ಮಾಡಿದರು. 1950ರ ದಶಕದಲ್ಲಿ ಅರ್ಲ್ ಇನ್ನಷ್ಟು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡರು. ಅವರಲ್ಲಿ ಸೂಜನ್ ವಾಂಡರ್‌ಬಿಲ್ಟ್ ಕ್ಯಾಡಿಲಾಕ್ ಕಾರುಗಳ ಒಳಭಾಗಕ್ಕೆ ಕೆಲಸ ಮಾಡಿ, 1970ರ ದಶಕದವರೆಗೂ ಆ ಕಂಪನಿಯಲ್ಲಿದ್ದರು. ಆಗ ಅವರನ್ನು ಸೀಟು, ಬಟ್ಟೆ, ಬಣ್ಣಕ್ಕೇ ಸೀಮಿತ ಮಾಡುತ್ತಿದ್ದರು. ಅದು ತಪ್ಪು. ಹೊರಗಿನ ಗೆರೆಯನ್ನೂ ಅವರ ಕೈಗೆ ಕೊಡಬೇಕಿತ್ತು. ನಿನಗೆ ಆ ಅಡ್ಡಿ ಇಲ್ಲ. ಪಿಯುಸಿ ಮುಗಿದ ಮೇಲೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯ ಪ್ರವೇಶ ಪರೀಕ್ಷೆ ಬರೆ. ಮೊದಲು ಪದವಿ, ಆಮೇಲೆ ಗುಜರಾತಿನ ಗಾಂಧಿನಗರದ ಕ್ಯಾಂಪಸ್ಸಿನಲ್ಲಿ ವಾಹನ ವಿನ್ಯಾಸವನ್ನೇ ಓದಬಹುದು. ಪರೀಕ್ಷೆಗೆ ಚಿತ್ರ ಬರೆಯುವ ಕೈ ಬೇಕು. ದಿನಕ್ಕೊಂದು ಚಿತ್ರ ಬರೆ. ಕಾರಿನದ್ದೇ ಆಗಬೇಕಿಲ್ಲ, ಬಿಂದಿಗೆ, ಎತ್ತಿನ ಕೊಂಬು, ನೇಗಿಲು, ಏನಾದರೂ ಸರಿ.

ಪ್ರಶ್ನೆ: ಗುಲಾಬಿ ಬಣ್ಣದ ಕ್ಯಾಡಿಲಾಕ್ ಬಹಳ ಫೇಮಸ್ ಅಲ್ವಾ? ಕಂಪನಿಯೇ ಆ ಬಣ್ಣ ಹಾಕುತ್ತಿತ್ತಾ?
— ಪೇಂಟರ್, ಮಧುಗಿರಿ

ಉತ್ತರ: ಆ ಹೆಸರು ತಂದದ್ದು ಗಾಯಕ ಎಲ್ವಿಸ್ ಪ್ರೀಸ್ಲಿ. ಅವರದು 1955ರ ಕಾರು, ಆಮೇಲೆ ಗುಲಾಬಿ ಬಣ್ಣ ಹೊಡೆಸಿದ್ದು. ಅದನ್ನು ತಾಯಿಗೆ ಅಂತ ಕೊಟ್ಟರು. ತಾಯಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಆದರೂ ಕೊಟ್ಟರು. ಆ ಕಾರು ಈಗಲೂ ಅವರ ಮನೆ ಗ್ರೇಸ್‌ಲ್ಯಾಂಡ್‌ನಲ್ಲಿದೆ.

ನೀವು ಪೇಂಟರ್, ಅದಕ್ಕೆ ಇದೂ ಗೊತ್ತಿರಲಿ. ಬೀರುವಿಗೆ ಸ್ಪ್ರೇ ಮಾಡುವುದಕ್ಕೂ ನಾವು ‘ಡ್ಯೂಕೋ’ ಅಂತೀವಲ್ಲ, ಅದು ಡ್ಯೂಪಾಂಟ್ ಕಂಪನಿಯ ಬಣ್ಣದ ಹೆಸರು. ಜನರಲ್ ಮೋಟಾರ್ಸ್ ತನ್ನ 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಮೊದಲು ಬಳಸಿತು, ನೀಲಿ ಬಣ್ಣ. ಅದಕ್ಕೆ ಮುಂಚೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ಬೇಗ ಒಣಗುವ ಬಣ್ಣ ಬಂದಿದ್ದಕ್ಕೇ ಬಗೆಬಗೆಯ ಬಣ್ಣದ ಕಾರುಗಳು ಬೀದಿಗಿಳಿದವು.

ಪ್ರಶ್ನೆ: ಅಷ್ಟು ಚೆಂದದ ರೆಕ್ಕೆಯನ್ನು ಯಾಕೆ ಬಿಟ್ಟರು? ನಿಮಗೆ ಆ ಕಾಲದ ಕಾರುಗಳಲ್ಲಿ ಯಾವುದು ಹೆಚ್ಚು ಇಷ್ಟ?
— ಶಿಕ್ಷಕರು, ಕುಣಿಗಲ್

ಉತ್ತರ: ಎತ್ತರಕ್ಕೆ ಮಿತಿ ಇದೆ ಮೇಷ್ಟ್ರೇ. 1959ರಲ್ಲಿ ಅದು ಮುಟ್ಟಿತು. ಅರ್ಲ್ ನಿವೃತ್ತರಾಗಿ ಬಿಲ್ ಮಿಚೆಲ್ ಬಂದರು. ಅವರಿಗೆ ಬಿಗಿಯಾದ, ಮಡಿಸಿದ ಬಟ್ಟೆಯ ಇಸ್ತ್ರಿಯಂಥ ಅಂಚು ಇಷ್ಟ. 1960ರಿಂದ ರೆಕ್ಕೆ ಇಳಿಯುತ್ತಾ ಬಂತು. 1965ರ ಕ್ಯಾಡಿಲಾಕ್‌ಗೆ ರೆಕ್ಕೆ ಇಲ್ಲ.

ಇನ್ನೊಂದು ಕಾರಣ ಫೋರ್ಡ್ ಕಂಪನಿಯ 1961ರ ಲಿಂಕನ್ ಕಾಂಟಿನೆಂಟಲ್. ಎಲ್ವುಡ್ ಎಂಗಲ್ ಮಾಡಿದ ರೂಪ. ಬೇರೆ ಕಾರಿಗೆ ಅಂತ ಮಾಡಿದ ಮಣ್ಣಿನ ಮಾದರಿ ಅದು. ಫೋರ್ಡ್‌ನ ಹಿರಿಯ ಅಧಿಕಾರಿ ರಾಬರ್ಟ್ ಮ್ಯಾಕ್ನಮಾರ ನೋಡಿ, ಇದನ್ನೇ ಲಿಂಕನ್ ಮಾಡಿ ಅಂದರು. ಪಕ್ಕದ ತಗಡು ಸಪಾಟು. ಕ್ರೋಮ್ ಅಂದರೆ ಮಡ್‌ಗಾರ್ಡ್ ಮೇಲಂಚಿನ ಉದ್ದಕ್ಕೂ ಹೋಗುವ ಒಂದು ಗೆರೆ ಅಷ್ಟೆ. ಹಿಂದಿನ ಬಾಗಿಲು ಹಿಂಬದಿಯ ಕೀಲಿನ ಮೇಲೆ, ಬೀರುವಿನ ಎರಡು ಬಾಗಿಲಿನಂತೆ ತೆರೆಯುತ್ತಿತ್ತು. ಹಿಂದಿನ ಲಿಂಕನ್‌ಗಿಂತ ಉದ್ದದಲ್ಲಿ ಒಂದು ಅಡಿಗೂ ಜಾಸ್ತಿ ಕಡಿಮೆ. ಆ ಕಾರು ಬಂದ ಮೇಲೆ ಉಳಿದದ್ದೆಲ್ಲ ಮೈತುಂಬ ಒಡವೆ ಹೇರಿಕೊಂಡ ಹಾಗೆ ಕಂಡಿತು.

ಕೆಲಸಗಾರನಾಗಿ ಹೇಳಬೇಕೆಂದರೆ ಕಾಂಟಿನೆಂಟಲ್ ದೊಡ್ಡ ಕೆಲಸ. ಸಪಾಟು ತಗಡಿನಲ್ಲಿ ತಪ್ಪು ಮುಚ್ಚಿಡಲು ಆಗುವುದಿಲ್ಲ. ಆದರೂ ನನ್ನ ಮನಸ್ಸು 1959ರ ಕ್ಯಾಡಿಲಾಕ್ ಕಡೆಗೇ. ಅದರ ಒಂದು ಕುಂದು ಮಾತ್ರ ಹೇಳಲೇಬೇಕು: ಮುಂದಿನ ಗಾಜು ಪಕ್ಕಕ್ಕೂ ಸುತ್ತಿಕೊಂಡು ಬಂದು, ಅದರ ಕಂಬ ಬಾಗಿಲ ಜಾಗದೊಳಕ್ಕೆ ಮೊಣಕೈಯಂತೆ ಚಾಚಿರುತ್ತದೆ. ಹತ್ತಿ ಇಳಿಯುವಾಗ ಮೊಣಕಾಲಿಗೆ ಬಡಿಯುತ್ತದೆ. ನನಗೇ ಎರಡು ಸಲ ಬಡಿದಿದೆ.

ಪ್ರಶ್ನೆ: 1973ರಲ್ಲಿ ನಾನು ಆರನೇ ಕ್ಲಾಸು, ನನ್ನ ತಮ್ಮ ಎರಡನೇ ಕ್ಲಾಸು. ಬಿ.ಎಚ್. ರಸ್ತೆಯ ಹತ್ತಿರ ಒಂದು ಶೆಡ್ಡಿನ ಮುಂದೆ ರೆಕ್ಕೆಯ ಕಾರು ನಿಂತಿದ್ದನ್ನು ಇಬ್ಬರೂ ನೋಡಿದ್ದೇವೆ. ಬೂದಿ ಬಣ್ಣ ಅಂತ ನಾನು, ಹಸಿರು ಅಂತ ಅವನು. ಐವತ್ತು ವರ್ಷದಿಂದ ಇದೇ ವಾದ. ಅಂಥ ಕಾರು ತುಮಕೂರಿಗೆ ಬಂದೇ ಇಲ್ಲ ಅಂತಾರೆ ಮೊಮ್ಮಕ್ಕಳು. ನಿಮಗೇನಾದರೂ ಗೊತ್ತಾ?
— ನಿವೃತ್ತ ನೌಕರರು, ತುಮಕೂರು

ಉತ್ತರ: ಬಂದಿತ್ತು ಅಣ್ಣಾ. ನಮ್ಮ ಶೆಡ್ಡಿಗೇ ಬಂದಿತ್ತು. ಹನ್ನೊಂದು ದಿನ ಇತ್ತು.

ಮುಂಬಯಿಯಿಂದ ಬೆಂಗಳೂರಿಗೆ ಹೋಗುತ್ತಿದ್ದ 1959ರ ಕ್ಯಾಡಿಲಾಕ್ ಕಾರು. ಸೀಬಿ ಹತ್ತಿರ ಓವರ್‌ಟೇಕ್ ಮಾಡುವಾಗ ಲಾರಿಯ ಬಾಡಿಗಿದ್ದ ಕೊಂಡಿ ಎಡಗಡೆಯ ರೆಕ್ಕೆಗೆ ಸಿಕ್ಕಿ ತಗಡನ್ನು ಮುಂದಕ್ಕೆ ಸೀಳಿಕೊಂಡು ಹೋಗಿತ್ತು. ಎರಡು ಕೆಂಪು ದೀಪದಲ್ಲಿ ಒಂದು ಪುಡಿಪುಡಿ. ನನಗೆ ಆಗ ಹದಿನೈದು ವರ್ಷ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ನಮ್ಮ ಶೆಡ್ ಹದಿನಾರು ಅಡಿ ಉದ್ದ. ಕಾರು ಹದಿನೆಂಟೂ ಮುಕ್ಕಾಲು. ಮೂತಿ ಒಳಗೆ, ಬಾಲ ಹೊರಗೆ. ರೆಕ್ಕೆ ನನ್ನ ಎದೆಯ ಹತ್ತಿರ ಬರುತ್ತಿತ್ತು.

ನಮ್ಮ ಉಸ್ತಾದ್ ಮೊದಲ ದಿನ ಸುತ್ತಿಗೆ ಮುಟ್ಟಲೇ ಇಲ್ಲ. ಸುಮ್ನೆ ಕಾರಿನ ಸುತ್ತ ಓಡಾಡಿದರು, ಬಲಗಡೆಯ ರೆಕ್ಕೆಯ ಮೇಲೆ ಅಂಗೈ ಆಡಿಸಿದರು. ಎರಡನೇ ದಿನ ಕಿರಾಣಿ ಅಂಗಡಿಯಿಂದ ಖಾಕಿ ಕಾಗದ ತರಿಸಿದರು. ಸರಿ ಇದ್ದ ಬಲ ರೆಕ್ಕೆಗೆ ಅದನ್ನು ಒತ್ತಿ ಹಿಡಿದು, ಅಂಚಿನ ಉದ್ದಕ್ಕೂ ಪೆನ್ಸಿಲ್ ಎಳೆದರು. ಕತ್ತರಿಸಿ, ಮಗುಚಿ ಹಾಕಿದರೆ ಅದೇ ಎಡ ರೆಕ್ಕೆಯ ಅಳತೆ. ಹೀಗೆ ಏಳು ಕಾಗದ, ಏಳು ಜಾಗದ್ದು. ಮರಳು ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಲ್ಲಿ ಬಡಿಯುವುದು, ಕಾಗದ ಹಿಡಿದು ನೋಡುವುದು, ಮತ್ತೆ ಬಡಿಯುವುದು.

ಹಳೇ ಬಣ್ಣ ಕೆರೆದಾಗ ರೆಕ್ಕೆಯ ಬೆಸುಗೆ ಜಾಗದಲ್ಲಿ ಮಂಕು ಬೂದಿಯ ಲೋಹ ಕಂಡಿತು. ಉಸ್ತಾದ್ ಉಗುರಿನಿಂದ ಗೀರಿ ನೋಡಿ, “ಇದು ಪುಟ್ಟಿ ಅಲ್ಲ, ಸೀಸ” ಅಂದರು. ಅಮೆರಿಕದ ಕಾರ್ಖಾನೆಯಲ್ಲೇ ತುಂಬಿದ್ದು. ಆ ಕಾಲಕ್ಕೆ ತಗಡಿನ ಕೂಡುಗಳನ್ನು ಸೀಸ ತವರ ಬೆರೆಸಿ ತುಂಬಿ ಮಟ್ಟ ಮಾಡುತ್ತಿದ್ದರು. ಅವರು ನನ್ನ ಕಡೆ ತಿರುಗಿ, “ನಿಮ್ಮಪ್ಪನ್ನ ಕರ್ಕೊಂಡು ಬಾ” ಅಂದರು.

ನಮ್ಮಪ್ಪ ಚಿಕ್ಕಪೇಟೆಯಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಕಾರು ಅಂದರೆ ಹತ್ತಿ ಕೂತವರೂ ಅಲ್ಲ. ಬಂದು ನೋಡಿ, ಇದು ನಮ್ಮ ಕೆಲಸವೇ ಅಂದರು. ತಗಡನ್ನು ಬೆಳ್ಳಗೆ ಉಜ್ಜಿಸಿ, ಬಿಸಿ ಮಾಡಿ, ನವಸಾಗರ ಹಾಕಿ, ಅರಿವೆಯಲ್ಲಿ ಒರೆಸುತ್ತಾ ತವರದ ಪದರ ಕೂರಿಸಿದರು. ಪಾತ್ರೆಗೆ ಮಾಡುವ ಹಾಗೇ. ಅದರ ಮೇಲೆ ಉಸ್ತಾದ್ ಸೀಸದ ಕಡ್ಡಿ ಕರಗಿಸಿ, ಎಣ್ಣೆಯಲ್ಲಿ ನೆನೆಸಿದ ಮರದ ಹಲಗೆಯಿಂದ ಬೆಣ್ಣೆ ಸವರಿದಂತೆ ಒತ್ತಿದರು. ಬೆಂಕಿ ಜಾಸ್ತಿಯಾದರೆ ಸೀಸ ನೀರಾಗಿ ಬಿದ್ದುಹೋಗುತ್ತದೆ, ಕಡಿಮೆಯಾದರೆ ಅಂಟುವುದಿಲ್ಲ. ನಾನು ಗ್ಯಾಸ್ ಪೈಪು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆ. ಆರಿದ ಮೇಲೆ ಅರದಲ್ಲಿ ಉಜ್ಜಿ ಏಣು ತಂದರು. ಪುಡಿ ಮೂಗಿಗೆ ಹೋಗಬಾರದು ಅಂತ ನನ್ನನ್ನು ದೂರ ಕಳಿಸಿದರು.

ಒಡೆದ ದೀಪಕ್ಕೆ ಇಲ್ಲೆಲ್ಲಿ ಗಾಜು ಸಿಗಬೇಕು? ಸಂತೆಬೀದಿಯಲ್ಲಿ ಬುಗುರಿ ಕಡೆಯುತ್ತಿದ್ದ ಒಬ್ಬರು ಮರದಲ್ಲಿ ಅದೇ ಆಕಾರ ಕಡೆದು, ಕೆಂಪು ಅರಗು ಹಾಕಿಕೊಟ್ಟರು. ಉರಿಯುತ್ತಿರಲಿಲ್ಲ, ಆದರೆ ಹತ್ತು ಹೆಜ್ಜೆ ದೂರದಿಂದ ಯಾವುದು ಮರ, ಯಾವುದು ದೀಪ ಅಂತ ಹೇಳಲಾಗುತ್ತಿರಲಿಲ್ಲ. ಕಾರು ಬೆಂಗಳೂರಿಗೆ ಹೋದದ್ದು ಆ ಮರದ ದೀಪದ ಜೊತೆಗೇ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಕಾರು ಹಸಿರು, ಬಾಳೆಸುಳಿಯ ಎಳೆ ಹಸಿರು. ಆದರೆ ಎಡಗಡೆ ಹಿಂಭಾಗಕ್ಕೆ ಪ್ರೈಮರ್ ಹೊಡೆದು ನಾಲ್ಕು ದಿನ ಹಾಗೇ ಬಿಟ್ಟಿದ್ದೆವು, ಹೊಂದುವ ಹಸಿರು ಬಣ್ಣ ಬೆಂಗಳೂರಿನಿಂದ ಬರಬೇಕಿತ್ತು. ಪ್ರೈಮರ್ ಬೂದಿ ಬಣ್ಣ. ಶಾಲೆ ಬಿಟ್ಟ ಮೇಲೆ ಮಕ್ಕಳ ದಂಡು ಬರುತ್ತಿತ್ತು. ದೊಡ್ಡ ಹುಡುಗರು ಕೆಲಸ ನಡೆಯುವ ಎಡಗಡೆಗೇ ನುಗ್ಗುತ್ತಿದ್ದರು. ಚಿಕ್ಕ ಮಕ್ಕಳನ್ನು ಗ್ಯಾಸಿನ ಹತ್ತಿರ ಬಿಡುತ್ತಿರಲಿಲ್ಲ, ಬಲಗಡೆಯ ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲಿಸುತ್ತಿದ್ದೆ. ನಿಲ್ಲಿಸುವುದೇ ನನ್ನ ಕೆಲಸ.

ಆ ಏಳು ಖಾಕಿ ಕಾಗದದಲ್ಲಿ ಎರಡು ಈಗಲೂ ನನ್ನ ಹತ್ತಿರ ಇವೆ. ಭಾನುವಾರ ಬೆಳಗ್ಗೆ ತಮ್ಮನನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಬನ್ನಿ, ಬಿಚ್ಚಿ ತೋರಿಸುತ್ತೇನೆ.